ಬ್ರಿಟನ್ನಿನಲ್ಲಿ ಗಾಡಿ ಓಡಿಸುವ ಮೊದಲು: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರಿಗೆ

ಇಲ್ಲಿಯೂ ಎಡಬದಿಯ ಸಂಚಾರ, ಸ್ಟೇರಿಂಗ್ ಬಲಕ್ಕೇ. ಹೀಗಾಗಿ ಊರಲ್ಲಿ ಹತ್ತು ವರ್ಷ ಗಾಡಿ ಓಡಿಸಿದವರಿಗೆ ಹೊಸದಾಗಿ ಕಲಿಯುವುದೇನೂ ಇಲ್ಲ ಅನಿಸುತ್ತದೆ. ಅಪಾಯ ಇರುವುದೇ ಅಲ್ಲಿ. ರಸ್ತೆ ಊರಿನಂತೆ ಕಂಡರೆ ಕೈಕಾಲೂ ಊರಿನ ರೂಢಿಯಂತೆಯೇ ಆಡುತ್ತವೆ. ವಾಸಕ್ಕೆ ಬಂದ ಮೇಲೆ 12 ತಿಂಗಳು ಭಾರತದ ಲೈಸೆನ್ಸಿನಲ್ಲೇ ಕಾರು ಓಡಿಸಬಹುದು. ತಪ್ಪು ತೋರಿಸುವ ಪರೀಕ್ಷಕರಿಲ್ಲದ ಆ ವರ್ಷದಲ್ಲೇ ಹೆಚ್ಚು ಎಚ್ಚರ ಬೇಕು.

ಮೊದಲು ಬಿಡಬೇಕಾದದ್ದು ಡಿಪ್ಪರ್ ಹೊಡೆಯುವುದು. ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಎದುರಿನ ಲಾರಿ ಲೈಟು ಮಿಣುಕಿಸಿದರೆ ‘ನಾ ಬರಾಕತ್ತೀನಿ, ನೀ ನಿಲ್ಲು’ ಅಂತ ಅರ್ಥ. ಇಲ್ಲಿ ಬಹಳ ಮಂದಿ ‘ನೀವೇ ಮೊದಲು ಹೋಗಿ’ ಎನ್ನಲು ಮಿಣುಕಿಸುತ್ತಾರೆ. ಎದುರಿನವರು ದಾರಿ ಬಿಡಲೆಂದು ನೀವು ಲೈಟು ಹಾಕಿದರೆ, ಬಲಕ್ಕೆ ತಿರುಗಲು ಕಾದವರು ನಿಮ್ಮ ಮುಂದೆಯೇ ತಿರುಗಿಬಿಡುತ್ತಾರೆ. ಇಲ್ಲಿನ ಸಂಚಾರ ನಿಯಮಗಳ ಅಧಿಕೃತ ಪುಸ್ತಕ ‘ಹೈವೇ ಕೋಡ್’ ಅದಕ್ಕೆ ಕೊಟ್ಟ ಅರ್ಥ ಒಂದೇ: ‘ನಾನಿಲ್ಲಿದ್ದೇನೆ’. ಬೇರೆಯವರು ಮಿಣುಕಿಸಿದರೂ ರಸ್ತೆ ಖಾಲಿ ಇದೆಯೇ ಎಂದು ಕಣ್ಣಾರೆ ನೋಡಿಯೇ ಮುಂದುವರಿಯಿರಿ.

ಹಾರ್ನಿನದು ಇನ್ನೂ ಆಳವಾದ ರೂಢಿ. ಊರಲ್ಲಿ ಹಿಂದಿನವರು ಹಾರ್ನ್ ಹೊಡೆದು ತಾವಿರುವುದನ್ನು ತಿಳಿಸುತ್ತಾರೆ. ನಾವು ಕನ್ನಡಿಗಿಂತ ಕಿವಿಯನ್ನೇ ನಂಬುತ್ತೇವೆ. ಇಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ. ಎಡಕ್ಕೆ ತಿರುಗುವಾಗ ಪಕ್ಕದಲ್ಲಿ ಸದ್ದಿಲ್ಲದೆ ಸೈಕಲ್ ಬಂದಿರುತ್ತದೆ. ಒಳಗನ್ನಡಿ, ಎಡಗನ್ನಡಿ, ಆಮೇಲೆ ಇಂಡಿಕೇಟರ್, ತಿರುಗುವ ಮುನ್ನ ಎಡಭುಜದ ಮೇಲಿಂದ ಒಂದು ನೋಟ: ಇದೇ ಕ್ರಮ. ಮೊದಲ ಕೆಲವು ವಾರ ಪ್ರತಿ ಹೆಜ್ಜೆಯನ್ನೂ ಬಾಯಿಬಿಟ್ಟು ಹೇಳಿಕೊಳ್ಳಿ. ಸೈಕಲ್ಲನ್ನು ದಾಟುವಾಗ ಕನಿಷ್ಠ 1.5 ಮೀಟರ್ ಅಂತರ ಬಿಡಿ. ಅಷ್ಟು ಜಾಗವಿಲ್ಲದಿದ್ದರೆ ಹಿಂದೆಯೇ ನಿಧಾನವಾಗಿ ಬನ್ನಿ.

ಚನ್ನಮ್ಮ ಸರ್ಕಲ್‌ನಲ್ಲಿ ರಸ್ತೆ ದಾಟುವವರು ಕೈ ಅಡ್ಡ ಹಿಡಿದು ಗಾಡಿಗಳ ನಡುವೆ ದಾರಿ ಮಾಡಿಕೊಳ್ಳುತ್ತಾರೆ, ಗಾಡಿಯವರು ಪಕ್ಕಕ್ಕೆ ಸರಿದು ಸಾಗುತ್ತಾರೆ. ಇಲ್ಲಿ ಮಕ್ಕಳೂ ಅಜ್ಜ-ಅಜ್ಜಿಯರೂ ಗಾಡಿ ನಿಂತೇ ನಿಲ್ಲುತ್ತದೆ ಎಂದು ನಂಬಿ ಜೀಬ್ರಾ ಕ್ರಾಸಿಂಗಿಗೆ ಕಾಲಿಡುತ್ತಾರೆ. ಆ ನಂಬಿಕೆ ನಿಮ್ಮ ಕೈಯಲ್ಲಿದೆ. ಹೈವೇ ಕೋಡಿಗೆ 2022ರ ಜನವರಿಯಲ್ಲಿ ಆದ ತಿದ್ದುಪಡಿಯ ನಂತರ, ದಾಟಲು ಕಾದು ನಿಂತವರಿಗೂ ದಾರಿ ಬಿಡಬೇಕು. ಅಡ್ಡರಸ್ತೆಗೆ ತಿರುಗುವಾಗ ಅದರ ಬಾಯಲ್ಲಿ ನಿಂತವರಿಗೂ ಹಾಗೆಯೇ. ಕ್ರಾಸಿಂಗಿನ ಮುಂಚಿನ ಅಂಕುಡೊಂಕು ಬಿಳಿಗೆರೆಗಳಲ್ಲಿ ಮುಂದಿನ ಗಾಡಿಯನ್ನು ಹಿಂದಿಕ್ಕಲೇಬೇಡಿ. ಅದು ನಿಂತಿದ್ದರೆ ಅದರ ಮರೆಯಲ್ಲಿ ಮಗು ದಾಟುತ್ತಿರಬಹುದು.

ಅಂತರ ಬಿಟ್ಟರೆ ಯಾರೋ ನುಸುಳುತ್ತಾರೆ ಎಂಬ ಭಯಕ್ಕೆ ಮುಂದಿನ ಗಾಡಿಗೆ ಅಂಟಿಕೊಂಡು ಹೋಗುವುದು ಬಿಡಬೇಕಾದ ಇನ್ನೊಂದು ರೂಢಿ. ಗಂಟೆಗೆ 30 ಮೈಲಿಯಲ್ಲಿ, ಅಂದರೆ ಸುಮಾರು 48 ಕಿ.ಮೀ. ವೇಗದಲ್ಲಿ, ಕಾರು ನಿಲ್ಲಲು 23 ಮೀಟರ್ ಬೇಕು. 70 ಮೈಲಿಯಲ್ಲಿ 96 ಮೀಟರ್. ಮುಂದಿನ ಗಾಡಿ ಒಂದು ಕಂಬ ದಾಟಿದೊಡನೆ ‘ಸಾವಿರದ ಒಂದು, ಸಾವಿರದ ಎರಡು’ ಎಂದು ಎಣಿಸಿ. ಮುಗಿಯುವ ಮೊದಲೇ ನೀವು ಕಂಬ ತಲುಪಿದರೆ ತೀರಾ ಹತ್ತಿರವಿದ್ದೀರಿ. ಮಳೆಯಲ್ಲಿ ಇದರ ಎರಡರಷ್ಟು. ಮಂಜುಗಡ್ಡೆಯ ಮೇಲೆ ಹತ್ತರಷ್ಟು ಬೇಕಾದೀತು. ಯಾರಾದರೂ ನಡುವೆ ಬಂದರೆ ಆಕ್ಸಿಲರೇಟರ್ ಸಡಿಲಿಸಿ, ಮತ್ತೆ ಎಣಿಸಿ.

ರೌಂಡಬೌಟಿನಲ್ಲಿ ಬಲದಿಂದ ಬರುವವರಿಗೆ ಮೊದಲ ಹಕ್ಕು, ಮೂತಿ ತೂರಿಸಬೇಡಿ. ಸಿಗ್ನಲ್ಲಿನಲ್ಲಿ ನಿಂತಾಗಲೂ ಫೋನ್ ಕೈಗೆತ್ತಿಕೊಂಡರೆ ಲೈಸೆನ್ಸಿನ ಮೇಲೆ 6 ತಪ್ಪಿನ ಪಾಯಿಂಟ್, 200 ಪೌಂಡ್ ದಂಡ. ಮಗು ತೊಡೆಯ ಮೇಲಲ್ಲ, ಮಕ್ಕಳ ಸೀಟಿನಲ್ಲಿ: 12 ವರ್ಷ ಅಥವಾ 135 ಸೆಂ.ಮೀ. ಎತ್ತರ, ಯಾವುದು ಮೊದಲೋ ಅಲ್ಲಿಯವರೆಗೆ.

ಕಾರು ಕೊಳ್ಳುವ ಮುನ್ನವೇ ಎರಡು-ಮೂರು ಪಾಠ ತೆಗೆದುಕೊಳ್ಳಿ. ಪಾಠದ ಕಾರಿನ ಮುಂದಿನ ಗಾಜಿನ ಮೇಲೆ ಹಸಿರು ಎಂಟುಮೂಲೆಯ ಬ್ಯಾಡ್ಜ್ ಇದ್ದರೆ ಪೂರ್ಣ ಅರ್ಹತೆಯ ಶಿಕ್ಷಕರು. ಗುಲಾಬಿ ತ್ರಿಕೋನವಿದ್ದರೆ ಇನ್ನೂ ತರಬೇತಿಯಲ್ಲಿರುವವರು. ‘ಓಡಿಸಲು ಬರುತ್ತದೆ, ನನ್ನ ತಪ್ಪುಗಳನ್ನು ಹಿಡಿಯಿರಿ’ ಎಂದು ಮೊದಲೇ ಹೇಳಿ, ಅವರು ಹಿಡಿದದ್ದನ್ನು ಬರೆದಿಟ್ಟುಕೊಳ್ಳಿ.