ಯಾವ ಮೇಳಕ್ಕೆ ಹೊರಡಬೇಕು, ಯಾವುದನ್ನು ಬಿಡಬೇಕು?

ಮೇಳಕ್ಕೆ ಅರ್ಜಿ ಹಾಕುವ ಮೊದಲು ಕಲಾವಿದರು ಸಾಮಾನ್ಯವಾಗಿ ವಿಚಾರಿಸುವುದು ಒಂದೇ: ಜನ ಎಷ್ಟು ಬರುತ್ತಾರೆ? ಆಯೋಜಕರ ಬಳಿ ಉತ್ತರ ಸಿದ್ಧವಿರುತ್ತದೆ, ಅದೂ ಲಕ್ಷದ ಲೆಕ್ಕದಲ್ಲಿ. ಬಸವನಗುಡಿಯ ಕಡಲೆಕಾಯಿ ಪರಿಷೆಗೂ ಲಕ್ಷಗಟ್ಟಲೆ ಜನ ಬರುತ್ತಾರೆ. ಕಾರ್ತಿಕ ಮಾಸದ ಕಡೆಯ ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ ಎಳ್ಳು ಹಾಕಿದರೂ ನೆಲಕ್ಕೆ ಬೀಳುವುದಿಲ್ಲ. ಬಂದವರು ಸೇರು ಕಡಲೆಕಾಯಿ, ಡಜನ್ ಬಳೆ, ಮಕ್ಕಳಿಗೊಂದು ಪೀಪಿ ಕೊಂಡು ಸಂತೋಷವಾಗಿ ಮನೆಗೆ ಹೋಗುತ್ತಾರೆ. ಅಲ್ಲಿ ಐದು ಸಾವಿರದ ಜಲವರ್ಣ ಚಿತ್ರಗಳನ್ನು ಹರಡಿ ಕುಳಿತವರಿಗೆ ಸಿಗುವುದು ‘ಚೆನ್ನಾಗಿದೆ’ ಎಂಬ ಮಾತು, ಜೊತೆಗೆ ಮೊಬೈಲಿನಲ್ಲಿ ಒಂದು ಫೋಟೊ. ಪಕ್ಕದಲ್ಲೇ ಐವತ್ತು ರೂಪಾಯಿಯ ಮಣ್ಣಿನ ಬಸವಣ್ಣ ಇಟ್ಟುಕೊಂಡವರಿಗೆ ಊಟಕ್ಕೂ ಬಿಡುವಿರುವುದಿಲ್ಲ.

ಬಂದವರು ಏನು ಕೊಳ್ಳಬೇಕೆಂದು ಮನೆಯಿಂದ ಹೊರಟಿದ್ದಾರೆ ಎಂಬುದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ಕೂಡು–ಕಳೆಯುವ ಲೆಕ್ಕ.

ಮೊದಲು ನಿಮ್ಮ ಬೆಲೆಪಟ್ಟಿ

ಮೇಳಗಳ ಪಟ್ಟಿ ಹಿಡಿಯುವ ಮುನ್ನ ನಿಮ್ಮದೇ ಸರಕನ್ನು ಒಮ್ಮೆ ಕಾಗದದ ಮೇಲೆ ಬರೆದುಕೊಳ್ಳಿ. ಹೆಚ್ಚು ಹೋಗುವ ವಸ್ತುವಿನ ಬೆಲೆ ಎಷ್ಟು, ತಿಂಗಳಿಗೆ ಅಂಥವು ಎಷ್ಟು ತಯಾರಾಗುತ್ತವೆ, ಬಿಸಿಲು–ತೇವ–ಸಾಗಣೆಯನ್ನು ತಡೆಯುತ್ತವೆಯೇ. ಇಷ್ಟು ಸಾಕು. ತಿಂಗಳಿಗೆ ನಾಲ್ಕು ಮೈಸೂರು ಶೈಲಿಯ ಚಿತ್ರ ಮುಗಿಸುವವರಿಗೆ ಹದಿನೈದು ದಿನದ ಮೇಳದಿಂದ ಏನು ಪ್ರಯೋಜನ? ಮೂರನೆಯ ದಿನಕ್ಕೆ ಗೋಡೆ ಬರಿದಾಗುತ್ತದೆ, ಇಲ್ಲವೇ ಹದಿನೈದನೆಯ ದಿನದವರೆಗೂ ಅದೇ ನಾಲ್ಕು ಚಿತ್ರ ತೂಗುತ್ತಿರುತ್ತವೆ. ಚನ್ನಪಟ್ಟಣದ ಬುಗುರಿ, ಗಿಲಕಿ ಮಾಡುವವರ ಕಥೆ ಬೇರೆ. ಅವರಿಗೆ ದಿನ ಹೆಚ್ಚಿದಷ್ಟೂ ಲಾಭ.

ಒಂದೊಂದು ಮೇಳದ್ದು ಒಂದೊಂದು ಸ್ವಭಾವ

ಚಿತ್ರ ಮಾರುವವರಿಗೆ ನಮ್ಮಲ್ಲಿ ಎಲ್ಲಕ್ಕಿಂತ ನೇರವಾದ ಜಾಗ ಬೆಂಗಳೂರಿನ ಚಿತ್ರಸಂತೆ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಆರಂಭಿಸಿದ್ದು. ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನ ಸಂಚಾರ ನಿಲ್ಲಿಸಿ, ರಸ್ತೆಯನ್ನೇ ಗ್ಯಾಲರಿ ಮಾಡುತ್ತಾರೆ. ಕಲಾವಿದರೇ ನಿಂತು ಮಾರುತ್ತಾರೆ, ನಡುವೆ ದಲ್ಲಾಳಿ ಇಲ್ಲ. ನೂರು ರೂಪಾಯಿಯ ಕಾರ್ಡಿನಿಂದ ಲಕ್ಷದ ಕ್ಯಾನ್ವಾಸ್‌ವರೆಗೆ ಎಲ್ಲವೂ ಇರುತ್ತದೆ. ಅಲ್ಲಿಗೆ ಬರುವವರು ಚಿತ್ರ ನೋಡಲೆಂದೇ ಬರುತ್ತಾರೆ, ಇದು ದೊಡ್ಡ ಅನುಕೂಲ. ತೊಡಕೂ ಅಲ್ಲೇ ಇದೆ: ನಿಮ್ಮ ಎಡಬಲದಲ್ಲಿ ಸಾವಿರಕ್ಕೂ ಹೆಚ್ಚು ಕಲಾವಿದರು, ಕೈಯಲ್ಲಿರುವುದು ಒಂದೇ ದಿನ. ಬುದ್ಧನ ಮುಖ, ಓಡುವ ಏಳು ಕುದುರೆ, ಹಳ್ಳಿಯ ಎತ್ತಿನ ಗಾಡಿ ಹತ್ತು ಹೆಜ್ಜೆಗೊಂದು ಸಿಗುತ್ತವೆ. ನಿಮ್ಮದೂ ಹಾಗೆಯೇ ಇದ್ದರೆ ಜನ ಬೆಲೆ ಹೋಲಿಸಿ ಕೊಳ್ಳುತ್ತಾರೆ, ಕೊನೆಗೆ ಎಲ್ಲಕ್ಕಿಂತ ಕಡಿಮೆ ಹೇಳಿದವರೇ ಗೆಲ್ಲುತ್ತಾರೆ. ನಿಮ್ಮದೇ ಕೈಬರಹ ಕಾಣುವ ಕೆಲಸವಿದ್ದರೆ ಮಾತ್ರ ಆ ಸಾವಿರದ ನಡುವೆ ನಿಲ್ಲುವುದು ಲಾಭದಾಯಕ ಎಂದು ನನ್ನ ಅನಿಸಿಕೆ. ಅಂದೇ ಮಾರಾಟವಾಗದಿದ್ದರೂ ಮನೆ, ಕಚೇರಿಗೆ ಚಿತ್ರ ಬರೆಸುವವರ ಪರಿಚಯ ಅಲ್ಲಿ ಆಗುತ್ತದೆ.

ಕರಕುಶಲ ವಸ್ತುಗಳಿಗೆ ದಾರಿ ಬೇರೆ. ಗಾಂಧಿ ಶಿಲ್ಪ ಬಜಾರ್‌ನಂಥ ಸರ್ಕಾರಿ ಮೇಳಗಳನ್ನು ಕೇಂದ್ರ ಜವಳಿ ಸಚಿವಾಲಯದಡಿಯ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ನಡೆಸುತ್ತದೆ, ನೆರವೂ ಕೊಡುತ್ತದೆ. ಇಲ್ಲಿ ಮಳಿಗೆ ಸಿಗಬೇಕಾದರೆ ಅದೇ ಕಚೇರಿ ಕೊಡುವ ‘ಪೆಹಚಾನ್’ ಗುರುತಿನ ಚೀಟಿ ಬೇಕು. ಬಿದರಿ, ಕಿನ್ನಾಳ, ಸಂಡೂರಿನ ಲಂಬಾಣಿ ಕಸೂತಿ, ಚನ್ನಪಟ್ಟಣದ ಆಟಿಕೆಯವರು ಈ ಚೀಟಿಯನ್ನು ಮೊದಲು ಮಾಡಿಸಿಕೊಳ್ಳಬೇಕು. ಪ್ರಯಾಣಕ್ಕೆ, ಸರಕು ಸಾಗಣೆಗೆ ಭತ್ಯೆ ಕೊಡುವ ಮೇಳಗಳೂ ಇವೆ, ಆ ವರ್ಷದ ಸುತ್ತೋಲೆಯಲ್ಲಿ ಓದಿಕೊಳ್ಳಿ. ಸ್ವಸಹಾಯ ಸಂಘದ ಮಹಿಳೆಯರಾದರೆ ಸರಸ್ ಮೇಳವಿದೆ. ಅದಕ್ಕೆ ದಾರಿ ನಿಮ್ಮ ಸಂಘ, ಒಕ್ಕೂಟದ ಮೂಲಕ.

ದೆಹಲಿಯ ಐಎನ್‌ಎ ಬಳಿಯ ದಿಲ್ಲಿ ಹಾಟ್ 1994ರಿಂದ ನಡೆಯುತ್ತಿದೆ. ಅಲ್ಲಿ ಮಳಿಗೆಗಳು ಕಾಯಂ ಅಲ್ಲ. ಹದಿನೈದು ದಿನಕ್ಕೊಮ್ಮೆ ಕುಶಲಕರ್ಮಿಗಳು ಬದಲಾಗುವ ಪದ್ಧತಿ. ಹರಿಯಾಣದ ಸೂರಜ್‌ಕುಂಡ್ ಮೇಳ 1987ರಲ್ಲಿ ಶುರುವಾದದ್ದು, ಫೆಬ್ರುವರಿಯ ಆಸುಪಾಸಿನಲ್ಲಿ ಎರಡು ವಾರ ನಡೆಯುತ್ತದೆ. ಇವೆರಡಕ್ಕೂ ಹೋಗುವವರ ಬಳಿ ಸರಕಿನ ರಾಶಿ ಇರಬೇಕು, ಮನೆಯಲ್ಲಿ ಬೇರೊಬ್ಬರು ಕೆಲಸ ಮುಂದುವರಿಸುತ್ತಿರಬೇಕು. ಒಬ್ಬರೇ ದುಡಿಯುವ ಕಲಾವಿದರಿಗೆ ಮೊದಲ ವರ್ಷವೇ ಇದು ಬೇಡ.

ಮೈಸೂರಿನ ದಸರಾ ವಸ್ತುಪ್ರದರ್ಶನ ತಿಂಗಳುಗಟ್ಟಲೆ ನಡೆಯುತ್ತದೆ. ಸಂಜೆ ಸುತ್ತಾಡಲು, ಮಕ್ಕಳನ್ನು ತೊಟ್ಟಿಲಿನಲ್ಲಿ ಕೂರಿಸಲು, ಹಪ್ಪಳ ತಿನ್ನಲು ಬಂದವರ ಗುಂಪು ಅದು. ಇನ್ನೂರು ಮುನ್ನೂರರ ಒಳಗಿನ ವಸ್ತುವಿಗೆ ಒಳ್ಳೆಯ ಜಾಗ. ಇದಕ್ಕೆ ತದ್ವಿರುದ್ಧವಾದದ್ದು ಒಂದೇ ಬಗೆಯ ಸರಕಿಗೆ ಮೀಸಲಾದ ಪ್ರದರ್ಶನ. ಕ್ರಾಫ್ಟ್ಸ್ ಕೌನ್ಸಿಲ್ ಆಫ್ ಕರ್ನಾಟಕದ ‘ವಸ್ತ್ರಾಭರಣ’ಕ್ಕೆ ಬರುವವರು ಸೀರೆ, ಒಡವೆ ಕೊಳ್ಳಬೇಕೆಂದು ಮನಸ್ಸು ಮಾಡಿಕೊಂಡೇ ಬಂದಿರುತ್ತಾರೆ. ಜನ ಕಡಿಮೆ, ಗಲ್ಲಾ ಭರ್ತಿ.

ಅಪಾರ್ಟ್‌ಮೆಂಟುಗಳ ಅಂಗಳದಲ್ಲಿ ದೀಪಾವಳಿಗೆ ಮುಂಚೆ ನಡೆಯುವ ಒಂದು ದಿನದ ಸಂತೆಗಳನ್ನು ಹಿರಿಯ ಕಲಾವಿದರು ಮೂಗು ಮುರಿದು ಬಿಟ್ಟುಬಿಡುತ್ತಾರೆ. ಬಾಡಿಗೆ ಕಡಿಮೆ, ಮಳೆ ಬಂದರೆ ಓಡಲು ಸಭಾಂಗಣವಿದೆ, ಕೊಂಡವರ ಮನೆ ಮೂರನೆಯ ಮಹಡಿಯಲ್ಲೇ ಇದೆ. ಹೊಸಬರು ಬೋಣಿ ಮಾಡಲು ಇದಕ್ಕಿಂತ ಸಲೀಸಾದ ಜಾಗ ನನಗೆ ಗೊತ್ತಿಲ್ಲ.

ಅರ್ಜಿಗೆ ಮೊದಲು ಗಿರಾಕಿಯಾಗಿ ಹೋಗಿ

ಹತ್ತಿರದ ಮೇಳವಾದರೆ ಒಂದು ವರ್ಷ ಸುಮ್ಮನೆ ನೋಡಿ ಬನ್ನಿ. ಉದ್ಘಾಟನೆಯ ಹೊತ್ತಿಗೆ ಬೇಡ, ಮುಗಿಯುವ ದಿನದ ಸಂಜೆ ಹೋಗಿ. ಹೊರಬಾಗಿಲ ಬಳಿ ಹತ್ತು ನಿಮಿಷ ನಿಂತು, ಹೊರಗೆ ಬರುವವರ ಕೈ ಗಮನಿಸಿ. ಕೈಯಲ್ಲಿ ಇರುವುದು ಕಾಗದ ಸುತ್ತಿದ ಫ್ರೇಮೋ, ಬಟ್ಟೆಯ ಚೀಲವೋ, ಬರೀ ಜೋಳದ ತೆನೆಯೋ? ಜೋಳದ ತೆನೆ ಹೆಚ್ಚಾಗಿದ್ದರೆ ಆ ಮೇಳ ಊಟದ ಮಳಿಗೆಯವರಿಗೆ ಸರಿ.

ಆಮೇಲೆ ಒಳಗೆ ಹೋಗಿ ಮಾಲು ನೋಡಿ. ಕೈಯಲ್ಲಿ ಮಾಡಿದ ವಸ್ತುಗಳ ಮೇಳ ಎಂದು ಫಲಕ ಹಾಕಿ ಸಗಟು ಮಾಲನ್ನು ತುಂಬಿಸಿದ ಜಾಗಗಳು ಬೇಕಾದಷ್ಟಿವೆ. ಗುರುತಿಸುವುದು ಕಷ್ಟವೇನಲ್ಲ. ಒಂದು ಆನೆಬೊಂಬೆಯನ್ನು ತೆಗೆದು ಅಡಿಮೇಲು ಮಾಡಿ, ಬಾರ್‌ಕೋಡ್ ಚೀಟಿಯ ಅಂಟು ಇದೆಯೇ ನೋಡಿ. ಪಕ್ಕದ ಆನೆಯ ಕಣ್ಣೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಅದೇ ಜಾಗದಲ್ಲಿದೆಯೇ? ಮೇಜಿನ ಕೆಳಗೆ ಒಂದೇ ಅಳತೆಯ ಪ್ಲಾಸ್ಟಿಕ್ ಪೊಟ್ಟಣಗಳ ಪೆಟ್ಟಿಗೆ ಇದೆಯೇ? ‘ಇದನ್ನು ಹೇಗೆ ಮಾಡುತ್ತೀರಿ?’ ಎಂದು ಕೇಳಿ. ಮಾಡಿದವರು ಕಡಿಮೆಯೆಂದರೂ ಹತ್ತು ನಿಮಿಷ ಬಿಡುವುದಿಲ್ಲ, ತಂದು ಮಾರುವವರು ಬೆಲೆ ಹೇಳುತ್ತಾರೆ. ಅಂಥ ಸಾಲಿನ ಮಧ್ಯೆ ನಿಮ್ಮ ಕೈಕೆಲಸದ ಬೆಲೆ ವಿನಾಕಾರಣ ದುಬಾರಿ ಎನಿಸಿಬಿಡುತ್ತದೆ.

ಹಿಂದೆ ಭಾಗವಹಿಸಿದ ಇಬ್ಬರು ಮೂವರನ್ನು ಮಾತನಾಡಿಸಿ. ‘ವ್ಯಾಪಾರ ಹೇಗಾಯಿತು?’ ಎಂದರೆ ಎಲ್ಲರೂ ‘ಪರವಾಗಿಲ್ಲ’ ಎನ್ನುತ್ತಾರೆ. ‘ಮುಂದಿನ ವರ್ಷವೂ ದುಡ್ಡು ಕೊಟ್ಟು ಬರುತ್ತೀರಾ?’ ಎಂದು ಕೇಳಿ, ಮುಖ ನೋಡಿ.

ಮನೆ ಬಿಡುವ ಮೊದಲೇ ಲೆಕ್ಕ

ಧಾರವಾಡದ ಒಬ್ಬ ಕಲಾವಿದೆ ಬೆಂಗಳೂರಿನ ಎರಡು ದಿನದ ಮೇಳಕ್ಕೆ ಬರುತ್ತಾರೆ ಎಂದುಕೊಳ್ಳೋಣ. ಮಳಿಗೆ ಬಾಡಿಗೆ 8,000 ರೂಪಾಯಿ, ಚಿತ್ರ ತರಲು ವಾಹನ 6,000, ವಸತಿ 3,000, ಊಟ–ತಿಂಡಿ 1,200, ಮೇಜು ಮತ್ತು ದೀಪದ ಬಾಡಿಗೆ 1,500, ಸಹಾಯಕರಿಗೆ 1,600, ಪ್ಯಾಕಿಂಗ್ ಸಾಮಾನು 700. ಒಟ್ಟು 22,000. ಅವರ ಚಿತ್ರದ ಬೆಲೆ 2,500. ಕ್ಯಾನ್ವಾಸ್, ಬಣ್ಣ, ಫ್ರೇಮಿಗೆ 900 ಹೋದರೆ ಒಂದು ಚಿತ್ರಕ್ಕೆ ಉಳಿಯುವುದು 1,600. ಖರ್ಚು ಹುಟ್ಟಲು 14 ಚಿತ್ರ ಹೋಗಬೇಕು. ದಿನಕ್ಕೆ ಒಂಬತ್ತು ಗಂಟೆಯ ವ್ಯಾಪಾರವೆಂದರೆ ಸುಮಾರು ಒಂದೂಕಾಲು ಗಂಟೆಗೊಂದು. ಆಯೋಜಕರು ಮಾರಾಟದ ಮೇಲೆ ಶೇಕಡಾ 15 ಕಮಿಷನ್ ಕೇಳಿದರೆ ಉಳಿಯುವುದು 1,225ಕ್ಕೆ ಇಳಿಯುತ್ತದೆ, ಆಗ 18 ಚಿತ್ರ ಬೇಕು. ಗಂಟೆಗೊಂದು! ಇದೆಲ್ಲ ಅಸಲಿನ ಮಾತು, ಬರೆದ ಕೈಗೆ ಇನ್ನೂ ಕೂಲಿ ಬಂದಿಲ್ಲ.

ಈ ಲೆಕ್ಕ ನೋಡಿ ಹೆದರಬೇಕಾಗಿಲ್ಲ, ಸರಕನ್ನು ಬದಲಿಸಿಕೊಳ್ಳಬಹುದು. ದೊಡ್ಡ ಚಿತ್ರದ ಜೊತೆಗೆ ಅದರದೇ ಮುದ್ರಿತ ಪ್ರತಿ, ಚಿಕ್ಕ ಕಾರ್ಡು, ಪುಸ್ತಕದ ಗುರುತುಪಟ್ಟಿ ಇಟ್ಟವರ ಬಾಡಿಗೆ ಚಿಲ್ಲರೆಯಲ್ಲೇ ಹುಟ್ಟುತ್ತದೆ. ಇಬ್ಬರು ಸೇರಿ ಒಂದು ಮಳಿಗೆ ಹಿಡಿಯುವುದೂ ಒಂದು ಉಪಾಯ. ಒಬ್ಬರದು ಚಿತ್ರ, ಇನ್ನೊಬ್ಬರದು ಕುಂಭಕಲೆ ಹೀಗಿರಲಿ, ಇಬ್ಬರೂ ಚಿತ್ರದವರಾದರೆ ಸಂಜೆಯೊಳಗೆ ಮಾತು ನಿಲ್ಲುತ್ತದೆ. ಏನು ಮಾಡಿದರೂ ಅಂಕಿಗಳು ಕೂಡಿಬರದಿದ್ದರೆ ಆ ಮೇಳವನ್ನು ಬಿಟ್ಟುಬಿಡಿ. ‘ಹೆಸರಾದರೂ ಆಗುತ್ತದೆ’ ಎಂಬ ಸಮಾಧಾನವನ್ನು ಹೆಚ್ಚಾಗಿ ಹೇಳುವವರು ಬಾಡಿಗೆ ವಸೂಲು ಮಾಡುವವರೇ.

ಹಣ ಕಟ್ಟುವ ಮುಂಚೆ ಬರಹದಲ್ಲಿ ಕೇಳಿ

ಮಳಿಗೆಯ ಅಳತೆ, ಅದು ನಕ್ಷೆಯಲ್ಲಿ ಎಲ್ಲಿದೆ, ಮುಖ ಯಾವ ದಿಕ್ಕಿಗೆ ಎಂಬ ಪ್ರಶ್ನೆಗಳಿಗೆ ಫೋನಿನಲ್ಲಿ ಸಿಗುವ ಉತ್ತರಕ್ಕೆ ಬೆಲೆಯಿಲ್ಲ. ಪಶ್ಚಿಮಕ್ಕೆ ಮುಖ ಮಾಡಿದ ಮಳಿಗೆಯಲ್ಲಿ ಮೂರು ಗಂಟೆಯ ನಂತರ ಗಾಜು ಹಾಕಿದ ಜಲವರ್ಣ ಚಿತ್ರವನ್ನು ಇಟ್ಟು ನೋಡಿ: ಗಿರಾಕಿಗೆ ಕಾಣುವುದು ಅವರದೇ ಮುಖ. ಬೆಂಗಳೂರಿನಲ್ಲಿ ಜನವರಿ ಒಣ ತಿಂಗಳಾದ್ದರಿಂದ ರಸ್ತೆಯ ಸಂತೆ ನಡೆಯುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಯಲು ಮೇಳವೆಂದರೆ ಮೇಲೆ ಏನು ಹೊದಿಕೆ, ಮಳೆಯಿಂದ ರದ್ದಾದರೆ ಹಣ ವಾಪಸೇ ಎಂದು ಕೇಳಲೇಬೇಕು. ರಾತ್ರಿ ಕಾವಲು ಇದೆಯೇ, ಕರೆಂಟಿನ ಹಣ ಬಾಡಿಗೆಯಲ್ಲೇ ಸೇರಿದೆಯೇ, ಒಂದೇ ಬಗೆಯ ಸರಕಿಗೆ ಎಷ್ಟು ಮಳಿಗೆ ಕೊಡುತ್ತಾರೆ, ಆಯ್ಕೆ ಮಾಡುವವರು ಯಾರು? ಆಯ್ಕೆ ಸಮಿತಿಯಿದ್ದು ಕೆಲವರನ್ನು ತಿರಸ್ಕರಿಸುವ ಮೇಳ ಸಾಮಾನ್ಯವಾಗಿ ಒಳ್ಳೆಯ ಮೇಳ, ನಿಮ್ಮನ್ನೇ ತಿರಸ್ಕರಿಸಿದ್ದರೂ ಸಹ. ದುಡ್ಡು ಕಟ್ಟಿದವರಿಗೆಲ್ಲ ಜಾಗ ಕೊಡುವಲ್ಲಿ ಟೆರಾಕೋಟಾ ಓಲೆಯ ಹದಿನೈದು ಮಳಿಗೆ ಸಾಲಾಗಿ ಕುಳಿತಿರುತ್ತವೆ.

ಹೊರರಾಜ್ಯಕ್ಕೆ ಹೋಗುವವರು ಜಿಎಸ್‌ಟಿ ವಿಷಯವನ್ನು ಮೊದಲೇ ಲೆಕ್ಕಪರಿಶೋಧಕರ ಬಳಿ ಮಾತನಾಡಿ. ಅಧಿಸೂಚಿತ ಕರಕುಶಲ ವಸ್ತುಗಳ ಸಣ್ಣ ಮಾರಾಟಗಾರರಿಗೆ ನೋಂದಣಿಯಿಂದ ವಿನಾಯಿತಿ ಇದೆ, ಆದರೆ ಪ್ಯಾನ್ ಮತ್ತು ಸರಕಿಗೆ ಇ–ವೇ ಬಿಲ್ (ಸಾಗಣೆಗೆ ಆನ್‌ಲೈನಿನಲ್ಲಿ ಪಡೆಯುವ ಚೀಟಿ) ಬೇಕು. ನಿಮ್ಮ ವಸ್ತು ಆ ಪಟ್ಟಿಯಲ್ಲಿದೆಯೇ ಎಂಬುದು ದಾರಿಯಲ್ಲಿ ತಪಾಸಣೆಯ ಹೊತ್ತಿಗೆ ತಿಳಿಯಬೇಕಾದ ಸಂಗತಿಯಲ್ಲ.

ವರ್ಷಕ್ಕೆ ಎಷ್ಟು?

ಮೊದಲ ವರ್ಷ ಮೂರು ಸಾಕು: ಊರಿನ ಹತ್ತಿರದ್ದೊಂದು, ನಿಮ್ಮ ಸರಕಿಗೇ ಮೀಸಲಾದದ್ದೊಂದು, ದೊಡ್ಡ ಜನಸಂದಣಿಯದ್ದೊಂದು. ಮೂರರಲ್ಲೂ ಒಂದು ಪುಸ್ತಕ ಜೊತೆಗಿರಲಿ. ಯಾವ ವಸ್ತು ಯಾವ ಹೊತ್ತಿಗೆ ಹೋಯಿತು, ಎಷ್ಟಕ್ಕೆ ಚೌಕಾಸಿ ನಿಂತಿತು, ಕೈಗೆತ್ತಿಕೊಂಡು ವಾಪಸಿಟ್ಟ ವಸ್ತು ಯಾವುದು ಎಂದು ಅಲ್ಲೇ ಬರೆದುಕೊಳ್ಳಿ. ವಾಪಸಿಟ್ಟದ್ದರ ಪಟ್ಟಿ ಮಾರಾಟದ ಪಟ್ಟಿಯಷ್ಟೇ ಕೆಲಸಕ್ಕೆ ಬರುತ್ತದೆ. ಹತ್ತು ಜನ ಎತ್ತಿ ಇಟ್ಟಿದ್ದರೆ ವಸ್ತು ಸರಿಯಾಗಿದೆ, ಬೆಲೆಯೋ ಮೇಳವೋ ಸರಿಯಿಲ್ಲ. ಅದನ್ನೇ ಬೇರೆ ಮೇಳದಲ್ಲಿ ಅದೇ ಬೆಲೆಗೆ ಇಟ್ಟು ನೋಡಿದರೆ ಯಾವುದೆಂದು ಗೊತ್ತಾಗುತ್ತದೆ.

ಚಿತ್ರಸಂತೆಯಂಥ ಮೇಳಗಳು ತಿಂಗಳುಗಳ ಮುಂಚೆಯೇ ಅರ್ಜಿ ಕರೆಯುತ್ತವೆ. ಸರ್ಕಾರಿ ಮೇಳದ ಗುರುತಿನ ಚೀಟಿಗೂ ಸಮಯ ಹಿಡಿಯುತ್ತದೆ. ಆದ್ದರಿಂದ ಜನವರಿಯ ಮೇಳದ ವಿಚಾರವನ್ನು ಗಣೇಶನ ಹಬ್ಬದ ಹೊತ್ತಿಗೇ ಶುರು ಮಾಡಿ. ಕೃತಿಗಳ ಫೋಟೊಗಳನ್ನು ಹಗಲು ಬೆಳಕಿನಲ್ಲಿ, ಗಾಜು ತೆಗೆದು, ನೇರವಾಗಿ ಹಿಡಿದು ತೆಗೆದಿಟ್ಟುಕೊಳ್ಳಿ. ಆಯ್ಕೆ ಸಮಿತಿಯವರು ನೋಡುವುದು ಅದನ್ನೇ.