ಅವ್ವನ ಹಚ್ಚೆ, ಕಾಲುಂಗುರ, ಒನ್ಸೆನ್ ನೀರು

ಹೋದ ತಿಂಗಳು ಮಂಡ್ಯ ಪೇಟೆಬೀದೀಲಿ ಅಕ್ಕಸಾಲಿ ಅಂಗಡಿಗೆ ಅವ್ವನ ಕಾಲುಂಗುರ ತಗೊಂಡ್ ಹೋದ್ರೆ, ಅವ್ರು ತಿರುಗ್ಸಿ ನೋಡಿ "ಏನಮ್ಮ, ಒಲೆಗೆ ಹಾಕಿದ್ರಾ?" ಅಂದ್ರು. ಒಲೆಗಲ್ಲ, ಜಪಾನಿನ ಕುಸಾತ್ಸು ಅನ್ನೋ ಊರಿನ ಒನ್ಸೆನ್ನಿಗೆ, ಅಂದ್ರೆ ನೆಲದಿಂದ ಬಿಸಿಯಾಗೇ ಉಕ್ಕೋ ಗಂಧಕದ ನೀರಲ್ಲಿ ಮೀಯೋ ಜಾಗಕ್ಕೆ. ನಾನು ಟೋಕಿಯೋದಲ್ಲಿ ಕೆಲ್ಸದಲ್ಲಿದ್ದಾಗ ಅಪ್ಪ ಅವ್ವ ಬಂದಿದ್ರು, ಅಲ್ಲಿಗೆ ಕರ್ಕೊಂಡ್ ಹೋಗಿದ್ದೆ. ಈಗ ಜಪಾನ್ ಟೂರ್ ಹೊರಟಿರೋ ನೆಂಟರೆಲ್ಲ ಫೋನ್ ಮಾಡಿ ದನಿ ತಗ್ಗಿಸ್ಕೊಂಡು ಕೇಳೋದು ಒಂದೇ, "ಅಲ್ಲಿ ನಿಜ್ವಾಗ್ಲೂ ಏನೂ ಹಾಕ್ಕೊಳಂಗಿಲ್ವಂತಾ?"

ಹೂಂ, ಏನೂ ಇಲ್ಲ. ಸ್ವಿಮ್‌ಸೂಟ್ ಇಲ್ಲ, ಲಂಗ ಇಲ್ಲ, ಟವಲ್ ಸುತ್ಕೊಂಡು ಇಳಿಯೋದೂ ಇಲ್ಲ. ಹೆಂಗಸರಿಗೆ ಬೇರೆ ಗಂಡಸರಿಗೆ ಬೇರೆ, ಒಟ್ಟಿಗೆ ಇಳಿಯೋ ಜಾಗಗಳು ಈಗ ಅಪರೂಪ. ಎಲ್ಲಾ ದೇಶದಲ್ಲೂ ಹಿಂಗೇ ಅನ್ಕೋಬೇಡಿ, ಹಂಗೇರಿಯ ಬುಡಾಪೆಸ್ಟ್‌ನ ಸೆಚೆನಿ ಬಿಸಿನೀರಿನ ಕೊಳಕ್ಕೆ ಸ್ವಿಮ್‌ಸೂಟ್ ಬೇಕೇ ಬೇಕು, ಜರ್ಮನಿಯ ಎಷ್ಟೋ ಸೌನಾದಲ್ಲಿ, ಅಂದ್ರೆ ಬೆವರೋಕೆ ಕೂರೋ ಬಿಸಿ ಕೋಣೇಲಿ, ಗಂಡಸ್ರು ಹೆಂಗಸ್ರು ಒಟ್ಟಿಗೇ ಬಟ್ಟೆ ಇಲ್ದೆ ಕೂರ್ತಾರೆ.

ನಂಗೆ ಬಟ್ಟೆಗಿಂತ ಜಾಸ್ತಿ ತಲೆನೋವಾಗಿದ್ದು ಅವ್ವನ ಹಚ್ಚೆ. ಹುಡುಗಿಯಾಗಿದ್ದಾಗ ಊರಲ್ಲಿ ಹುಯ್ಸ್ಕೊಂಡಿದ್ದು, ಮುಂಗೈ ತುಂಬಾ ಹಸಿರು ತೇರು, ಚುಕ್ಕಿ. ಜಪಾನಲ್ಲಿ ಟ್ಯಾಟೂ ಅಂದ್ರೆ ಯಾಕುಜಾ ರೌಡಿಗಳ ನೆನಪು, ಹಂಗಾಗಿ ತುಂಬಾ ಒನ್ಸೆನ್‌ನಲ್ಲಿ ಬಿಡಲ್ಲ. ನಮ್ಮವ್ವ ಯಾಕುಜಾ! ಮೊದ್ಲೇ ಮೇಲ್ ಮಾಡಿ ಕೇಳ್ದೆ, ಮುಚ್ಕೊಂಡ್ ಬಂದ್ರೆ ಪರ್ವಾಗಿಲ್ಲ ಅಂದ್ರು. ಟ್ಯಾಟೂ ಮುಚ್ಚೋಕಂತ್ಲೇ ಸ್ಟಿಕ್ಕರ್ ಸಿಗುತ್ತೆ, ಮೈಬಣ್ಣದ್ದು, ಆದ್ರೆ ಅದು ಜಪಾನಿನವ್ರ ಮೈಬಣ್ಣ, ಅವ್ವನ ಕೈಮೇಲೆ ಸುಣ್ಣ ಬಳ್ದಂಗೆ ಕಾಣ್ತಿತ್ತು.

ಅವ್ವ "ನಾ ಬರಕಿಲ್ಲ ಕಣವ್ವ, ನಾಚ್ಕೆ ಆಯ್ತದೆ" ಅಂತ ಹಟ ಹಿಡಿದ್ರು. ಶ್ರೀರಂಗಪಟ್ಟಣದಲ್ಲಿ ಸೀರೆ ಉಟ್ಕೊಂಡೇ ಮುಳುಗಿ, ಒದ್ದೆ ಸೀರೆ ಮರೇಲೇ ಬಟ್ಟೆ ಬದಲಾಯ್ಸಿ ಅಭ್ಯಾಸ ಇರೋರು, ಅವ್ರನ್ನೂ ತಪ್ಪು ಅನ್ನಕ್ಕಾಗಲ್ಲ. ಅದಕ್ಕೆ ಮೊದಲ ದಿನ ಕಶಿಕಿರಿ ಬುಕ್ ಮಾಡ್ದೆ, ಅಂದ್ರೆ ಬಾಡಿಗೆಗೆ ಸಿಗೋ ಒಂಟಿ ತೊಟ್ಟಿ, ಒಳಗೆ ನಾವಿಬ್ರೇ. ಆದ್ರೂ ಮಗಳ ಮುಂದೆ ಬಟ್ಟೆ ಬಿಚ್ಚೋದು ಹೆಂಗೆ ಅಂತ ಗೋಡೆ ಕಡೆ ತಿರ್ಕೊಂಡು ನಿಂತಿದ್ರು. ನೀರಿಗೆ ಇಳಿಯೋ ಮುಂಚೆ ಗಿಡ್ಡ ಸ್ಟೂಲ್ ಮೇಲೆ ಕೂತು ಸೋಪ್ ಹಾಕಿ ಪೂರ್ತಿ ತೊಳ್ಕೋಬೇಕು, ನಾನು ಕೂತು ಶವರ್ ಬಿಟ್ಕೊಂಡೆ, ಅಷ್ಟೇ, ಅವ್ವ ಹಿಂದಿಂದ ಬಂದು "ಅಯ್ಯೋ ಬೆನ್ನಲ್ಲಿ ಎಷ್ಟು ಕೊಳೆ ಕಟ್ಕೊಂಡೀಯೇ" ಅಂತ ದೀಪಾವಳಿ ಎಣ್ಣೆಸ್ನಾನದ ತರ ತಿಕ್ಕೋಕೆ ಶುರು. ನಾಚ್ಕೆ ಎತ್ಲಾಗ್ ಹೋಯ್ತೋ! ತೊಳ್ಕೊಂಡ್ಮೇಲೆ ಕೇಳಿದ್ರು, "ಇಲ್ಲೇ ಸ್ನಾನ ಆಯ್ತಲ್ಲ, ಇನ್ನು ಆ ತೊಟ್ಟಿ ಯಾತಕ್ಕೆ?" ತೊಟ್ಟಿ ಇರೋದು ಸುಮ್ನೆ ಕೂರಕ್ಕೆ, ಎಲ್ರೂ ಇಳಿಯೋ ನೀರಲ್ಲಿ ಸೋಪಾಗ್ಲಿ ತಲೆ ಎಣ್ಣೆಯಾಗ್ಲಿ ಬೀಳಬಾರ್ದು. ಕೊಬ್ರಿ ಎಣ್ಣೆ ಇದ್ರೆ ಶಾಂಪೂ ಹಾಕಿ ತೆಗ್ದು, ಕೂದ್ಲು ಎತ್ತಿ ಗಂಟು ಕಟ್ಟಿ.

ಮಾರನೇ ಬೆಳಗ್ಗೆ ಐದೂವರೆಗೆ ಅವ್ವನೇ ಎಬ್ಬಿಸಿದ್ರು, "ಆ ದೊಡ್ಡದಕ್ಕೆ ಹೋಗನ ನಡಿ." ಅಲ್ಲಿ ಒಂದು ಎಡವಟ್ಟಾಯ್ತು. ಚಿಕ್ಕ ಟವಲ್ ನೀರಿಗೆ ತಾಗ್ಸಂಗಿಲ್ಲ, ಮಡ್ಚಿ ತಲೆ ಮೇಲೆ ಇಟ್ಕೋಬೇಕು, ಅವ್ವ ಹೊಳೇಲಿ ಮಾಡ್ದಂಗೆ ಅದನ್ನ ಅದ್ದಿ ಜಾಡ್ಸಿ ತೊಟ್ಟಿಯೊಳಗೇ ಹಿಂಡಿಬಿಟ್ರು. ಪಕ್ಕದಲ್ಲಿದ್ದ ಅಜ್ಜಿ ಏನೂ ಅನ್ಲಿಲ್ಲ, ತನ್ನ ತಲೆ ಮೇಲಿನ ಟವಲ್ ತೋರ್ಸಿ ನಕ್ರು. ಅವ್ವನೂ ತಲೆ ಮೇಲಿಟ್ಕೊಂಡ್ರು. ಆ ನೀರು ನಿಂಬೆರಸದಷ್ಟು ಹುಳಿ, ಕಣ್ಣಿಗೆ ಬಿದ್ರೆ ಉರಿಯುತ್ತೆ, ಬಿಸೀನೂ ಜೋರು, ಅವ್ವಂಗೆ ಬಿಪಿ ಬೇರೆ ಅಂತ ಐದು ನಿಮಿಷಕ್ಕೇ ಎಬ್ಬಿಸ್ದೆ. ಆಚೆ ಬರೋವಾಗ ಮೈ ಒರ್ಸ್ಕೊಂಡೇ ಬಟ್ಟೆ ಬುಟ್ಟಿ ಇರೋ ರೂಮಿಗೆ ಬರ್ಬೇಕು, ಅಲ್ಲಿ ಮೊಬೈಲ್ ಮುಟ್ಲೇಬೇಡಿ. ಬೆಳ್ಳಿ ಒಡವೆ ಬಿಚ್ಚಿಡಿ, ಗಂಧಕಕ್ಕೆ ಕಪ್ಪಾಗುತ್ತೆ. ಮುತ್ತೈದೆ ಕಾಲುಂಗುರ ತೆಗೆಯೋದುಂಟಾ ಅಂತ ಅವ್ವ ಬೈದ್ರು, ಅದ್ರ ಫಲವೇ ಅಕ್ಕಸಾಲಿ ಮಾತು.

ಮೊದಲ ರಾತ್ರಿ ಅಪ್ಪ ಒಬ್ರೇ ಗಂಡಸರ ಕಡೆ ಹೋಗಿದ್ರು, ಬರೀ ಉಡಿದಾರದಲ್ಲಿ. ಅವ್ರಿಗೆ ನಾನು ಹೇಳಿದ್ದು "ಎಡಗಡೆ ಬಾಗ್ಲು" ಅಂತ. ಕೆಲವು ಕಡೆ ರಾತ್ರಿ ಗಂಡಸರ ತೊಟ್ಟಿ ಬೆಳಗ್ಗೆ ಹೆಂಗಸರಿಗೆ ಬದಲಾಯ್ಸ್ತಾರೆ, ಬಾಗ್ಲಿನ ಪರದೇನೂ ಬದಲಾಗುತ್ತೆ, ಗಂಡಸರಿಗೆ ನೀಲಿ, ಹೆಂಗಸರಿಗೆ ಕೆಂಪು, ಅದು ನಂಗೂ ಗೊತ್ತಿರ್ಲಿಲ್ಲ. ಬೆಳಗ್ಗೆ ಅಪ್ಪ ಹೆಗಲ ಮೇಲೆ ಟವಲ್ ಹಾಕ್ಕೊಂಡು ಸೀದಾ ಎಡಗಡೆ ಕೆಂಪು ಪರದೆ ಎತ್ತಿದ್ರು, ಪುಣ್ಯಕ್ಕೆ ಎದುರಿಗೆ ಸಿಕ್ಕಿದ್ದು ಅವ್ವನೇ, ಬಟ್ಟೆ ಹಾಕ್ಕೊಂಡು ಆಚೆ ಬರ್ತಿದ್ರು. ತಿಂಡಿ ಹೊತ್ತಾದ್ರೂ ಅಪ್ಪ ರೂಮಿಂದ ಆಚೆ ಬರ್ಲಿಲ್ಲ.