ಆಫ್‌ರೋಡ್ ಗಾಡಿಗೆ ಡಿಫರೆನ್ಷಿಯಲ್ ಲಾಕರ್ ಆರಿಸುವುದು ಹೇಗೆ

ಒಂದು ಚಕ್ರ ಕೆಸರಲ್ಲಿ ಗಿರಗಿರನೆ ತಿರುಗುತ್ತಿದ್ದರೂ ಗಟ್ಟಿ ನೆಲದ ಮೇಲಿರುವ ಚಕ್ರ ಕದಲುವುದಿಲ್ಲ. ಸಾದಾ ಡಿಫರೆನ್ಷಿಯಲ್ (ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಎರಡೂ ಕಡೆಗೆ ಸಮ ಟಾರ್ಕ್ (ತಿರುಗಿಸುವ ಬಲ) ಕೊಡುವುದರಿಂದ, ಜಾರುವ ಚಕ್ರ ಎಷ್ಟು ತಡೆದುಕೊಳ್ಳುತ್ತದೋ ಅಷ್ಟೇ ಇನ್ನೊಂದಕ್ಕೂ ಸಿಗುತ್ತದೆ. ಲಾಕರ್ ಎರಡೂ ಚಕ್ರಗಳ ಶಾಫ್ಟ್‌ಗಳನ್ನು ಒಂದಾಗಿ ಬಿಗಿಯುತ್ತದೆ. ಆಗ ಆ್ಯಕ್ಸಲ್‌ಗೆ ಬರುವ ಟಾರ್ಕ್ ಪೂರ್ತಿ ಒಂದೇ ಶಾಫ್ಟ್ ಮೇಲೆ ಬೀಳಬಹುದು. ದೊಡ್ಡ ಟೈರ್ ಹಾಕಿದ ಗಾಡಿಯಲ್ಲಿ ಶಾಫ್ಟ್ ತುಂಡಾಗುವುದು ಇದರಿಂದಲೇ. ಆದ್ದರಿಂದ ಲಾಕರ್‌ಗಿಂತ ಮೊದಲು ಆ್ಯಕ್ಸಲ್‌ನ ತಾಕತ್ತು ನೋಡಿ.

ಆರ್ಡರ್ ಮಾಡುವ ಮುನ್ನ ಆ್ಯಕ್ಸಲ್ ಮಾದರಿ, ಸ್ಪ್ಲೈನ್‌ಗಳ (ಶಾಫ್ಟ್ ತುದಿಯಲ್ಲಿ ಕೊರೆದ ಹಲ್ಲುಗಳ) ಸಂಖ್ಯೆ, ಗೇರ್ ಅನುಪಾತ, ಶಾಫ್ಟ್ ಸಿ-ಕ್ಲಿಪ್‌ನಿಂದ (ಅದರ ಒಳತುದಿಯನ್ನು ಹಿಡಿದಿಡುವ ಸಿ ಆಕಾರದ ಕ್ಲಿಪ್) ನಿಂತಿದೆಯೇ ಎಂಬುದು ಖಚಿತವಾಗಿ ಗೊತ್ತಿರಬೇಕು. ಹೌಸಿಂಗ್‌ನ ಮುಚ್ಚಳ ತೆಗೆದು ಹಲ್ಲು ಎಣಿಸುವುದೇ ನಂಬಿಕೆಯ ದಾರಿ: ಕ್ರೌನ್‌ನಲ್ಲಿ (ದೊಡ್ಡ ಗೇರ್) 41, ಪಿನಿಯನ್‌ನಲ್ಲಿ (ಅದನ್ನು ತಿರುಗಿಸುವ ಚಿಕ್ಕ ಗೇರ್) 10 ಇದ್ದರೆ ಅನುಪಾತ 4.10. ಡಾನಾ 44 ಆ್ಯಕ್ಸಲ್‌ನಲ್ಲಿ 3.73 ಮತ್ತು ಅದಕ್ಕಿಂತ ಕಡಿಮೆ ಅನುಪಾತಕ್ಕೆ ಒಂದು ಕ್ಯಾರಿಯರ್ (ಕ್ರೌನ್ ಕೂರುವ ಡಿಫರೆನ್ಷಿಯಲ್‌ನ ಕವಚ), 3.92 ಮತ್ತು ಮೇಲಿನದಕ್ಕೆ ಇನ್ನೊಂದು. ಡಾನಾ 60ರಲ್ಲಿ 30 ಸ್ಪ್ಲೈನ್‌ನದೂ ಇದೆ, 35ರದೂ ಇದೆ. ತಪ್ಪು ತರಿಸಿದರೆ ಕೂರುವುದೇ ಇಲ್ಲ.

ಆಟೊಮ್ಯಾಟಿಕ್ ಲಾಕರ್ ಸದಾ ಲಾಕ್ ಆಗಿದ್ದು, ತಿರುವಿನಲ್ಲಿ ಹೊರಗಿನ ಚಕ್ರ ವೇಗವಾಗಿ ಉರುಳಿದಾಗ ಮಾತ್ರ ಆ ಬದಿಯನ್ನು ಬಿಡುತ್ತದೆ. ಸ್ವಿಚ್ಚಿಲ್ಲ, ಪೈಪಿಲ್ಲ. ಡೆಟ್ರಾಯಿಟ್ ಲಾಕರ್ ಪೂರ್ತಿ ಕ್ಯಾರಿಯರ್ ಸಮೇತ ಬರುತ್ತದೆ. ಲಾಕ್-ರೈಟ್‌ನಂಥದ್ದು ಹಳೆಯ ಕ್ಯಾರಿಯರ್‌ನೊಳಗಿನ ಸ್ಪೈಡರ್ ಗೇರ್‌ಗಳ ಜಾಗದಲ್ಲಿ ಕೂರುತ್ತದೆ. ಎರಡನೆಯದು ಅಗ್ಗ, ಕ್ರೌನ್-ಪಿನಿಯನ್ ಮತ್ತೆ ಹೊಂದಿಸುವ ಗೋಜೂ ಇಲ್ಲ, ಆದರೆ ಅದರ ಬಲ ಹಳೆಯ ಕ್ಯಾರಿಯರ್‌ನ ಬಲದಷ್ಟೇ. ಡಾಂಬರು ರಸ್ತೆಯ ತಿರುವಿನಲ್ಲಿ ಟಕಟಕ ಸದ್ದು, ಆಕ್ಸಿಲರೇಟರ್ ಒತ್ತಿದಾಗ ಗಾಡಿ ಪಕ್ಕಕ್ಕೆ ಎಳೆಯುವುದು ಆಟೊಮ್ಯಾಟಿಕ್ ಲಾಕರ್‌ನ ಗುಣ. ಎರಡೂ ಟೈರ್ ಒಂದೇ ಅಳತೆ, ಒಂದೇ ಗಾಳಿ ಒತ್ತಡದಲ್ಲಿರಲಿ. ಇಲ್ಲದಿದ್ದರೆ ನೇರ ರಸ್ತೆಯಲ್ಲೂ ದೊಡ್ಡ ಟೈರೇ ಹೊರೆಯೆಲ್ಲ ಹೊರುತ್ತದೆ.

ದಿನವೂ ರಸ್ತೆಯಲ್ಲಿ ಓಡುವ ಗಾಡಿಯ ಹಿಂದಿನ ಆ್ಯಕ್ಸಲ್‌ಗೆ ಬೇಕಾದಾಗ ಲಾಕ್ ಮಾಡುವಂಥದ್ದೇ ಸರಿ. ಎಆರ್‌ಬಿಯದು ಗಾಳಿಯಿಂದ, ಈಟನ್‌ನ ಇ-ಲಾಕರ್ ವಿದ್ಯುತ್ತಿನಿಂದ, ಆಕ್ಸ್‌ನದು ಕೇಬಲ್‌ನಿಂದ ಕೆಲಸ ಮಾಡುತ್ತದೆ. ಲಾಕ್ ಬಿಚ್ಚಿದಾಗ ಸಾದಾ ಡಿಫರೆನ್ಷಿಯಲ್‌ನಂತೆಯೇ ನಡೆಯುತ್ತದೆ. ಜಾರುವ ಅಡ್ಡ ಇಳಿಜಾರಿನಲ್ಲಿ ಬಿಚ್ಚುವ ಅವಕಾಶಕ್ಕೆ ಬೆಲೆ ಕಟ್ಟಲಾಗದು, ಏಕೆಂದರೆ ಲಾಕ್ ಆದ ಎರಡೂ ಚಕ್ರ ಒಟ್ಟಿಗೆ ತಿರುಗಿ ಜಾರಿದರೆ ಆ್ಯಕ್ಸಲ್ ಪೂರ್ತಿ ಕೆಳಕ್ಕೆ ಸರಿಯುತ್ತದೆ.

ಏರುವಾಗ ಭಾರ ಹಿಂದಕ್ಕೆ ಬೀಳುವುದರಿಂದ ಒಂದೇ ಲಾಕರ್ ಹಾಕುವುದಾದರೆ ಹಿಂದಕ್ಕೆ ಹಾಕಿ. ಮುಂದೆ ಲಾಕ್ ಆದರೆ ಸ್ಟೇರಿಂಗ್ ಬಿಗಿಯಾಗುತ್ತದೆ. ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದರೆ ಹೊರ ಜಾಯಿಂಟ್ ಮುರಿಯಬಹುದು. ಫ್ರೀ-ವೀಲಿಂಗ್ ಹಬ್ (ಮುಂದಿನ ಚಕ್ರವನ್ನು ಶಾಫ್ಟ್‌ನಿಂದ ಬಿಡಿಸುವ ಹಬ್) ಇರುವ ಪಾರ್ಟ್-ಟೈಮ್ (ಬೇಕಾದಾಗ ಮಾತ್ರ ಫೋರ್ ವೀಲ್ ಡ್ರೈವ್) ಗಾಡಿಗೆ ಮುಂದೆ ಆಟೊಮ್ಯಾಟಿಕ್ ಸಾಕು, ಹಬ್ ಬಿಟ್ಟಾಗ ಅದು ಇರುವುದೇ ಗೊತ್ತಾಗದು. ಫುಲ್-ಟೈಮ್ ಫೋರ್ ವೀಲ್ ಡ್ರೈವ್‌ಗೆ ಬೇಡ. ಟ್ರೂಟ್ರ್ಯಾಕ್‌ನಂಥ ಗೇರಿನ ಲಿಮಿಟೆಡ್ ಸ್ಲಿಪ್ (ಚಕ್ರ ಜಾರುವುದನ್ನು ಪೂರ್ತಿ ಲಾಕ್ ಮಾಡದೆ ತಗ್ಗಿಸುವ ಡಿಫರೆನ್ಷಿಯಲ್) ರಸ್ತೆಯಲ್ಲಿ ಬಲು ಸೊಗಸು, ಆದರೆ ಒಂದು ಚಕ್ರ ಗಾಳಿಯಲ್ಲಿ ತೂಗಿದರೆ ಕೈಕೊಡುತ್ತದೆ. ಆಗ ಬ್ರೇಕ್ ಮೆಲ್ಲಗೆ ಒತ್ತಿ ಹಿಡಿದರೆ ಮುಂದೆ ಸರಿಯಬಹುದು.

ಕ್ಯಾರಿಯರ್ ಬದಲಿಸಿದರೆ ಶಿಮ್ (ತೆಳು ಬಿಲ್ಲೆ) ಹಾಕಿ ಬ್ಯಾಕ್‌ಲ್ಯಾಶ್ (ಗೇರ್ ಹಲ್ಲುಗಳ ನಡುವಿನ ಸಡಿಲ) ಹೊಂದಿಸಲೇಬೇಕು. ಬಹಳಷ್ಟು ಗೇರ್‌ಗಳಿಗೆ ಅದು 0.15ರಿಂದ 0.25 ಮಿ.ಮೀ., ಆದರೂ ಗೇರ್ ಜೊತೆ ಬಂದ ಕಾಗದದ ಅಳತೆಯೇ ಅಂತಿಮ. ಡಯಲ್ ಗೇಜ್ ಇಟ್ಟು ಕ್ರೌನ್‌ನ ಮೂರು ನಾಲ್ಕು ಕಡೆ ಅಳೆಯಿರಿ, ಬಣ್ಣ ಹಚ್ಚಿ ಹಲ್ಲಿನ ಅಚ್ಚು ನಡುವೆ ಬೀಳುತ್ತಿದೆಯೇ ನೋಡಿ.

ಕೂರಿಸಿದ ಮೇಲೆ ಹಿಂದಿನ ಎರಡೂ ಚಕ್ರಗಳನ್ನು ಸ್ಟ್ಯಾಂಡ್ ಮೇಲೆತ್ತಿ, ಮುಂದಿನವಕ್ಕೆ ಅಡ್ಡ ಕೊಡಿ. ಎಂಜಿನ್ ಆರಿಸಿ, ಫೋರ್ ವೀಲ್ ಡ್ರೈವ್ ಬಿಟ್ಟು, ಮ್ಯಾನುವಲ್ ಗೇರ್ ಹಾಕಿ ಒಂದು ಚಕ್ರ ತಿರುಗಿಸಿ. ಲಾಕ್ ಬಿಚ್ಚಿದ್ದರೆ ಇನ್ನೊಂದು ಎದುರು ದಿಕ್ಕಿಗೆ ತಿರುಗಬೇಕು. ಲಾಕ್ ಮಾಡಿದರೆ ಸ್ವಲ್ಪ ಸಡಿಲ ಬಿಟ್ಟು ಎರಡೂ ಕದಲಬಾರದು. ಏರ್ ಲಾಕರ್‌ನಲ್ಲಿ ಕಂಪ್ರೆಸರ್ ಪದೇ ಪದೇ ತಾನಾಗಿ ಶುರುವಾದರೆ ಗಾಳಿ ಸೋರುತ್ತಿದೆ ಎಂದರ್ಥ. ಜಾಯಿಂಟ್‌ಗಳಿಗೆ ಸೋಪು ನೀರು ಹಚ್ಚಿ. ಎಲ್ಲೂ ಗುಳ್ಳೆ ಬಾರದೆ, ಆ್ಯಕ್ಸಲ್‌ನ ಬ್ರೀದರ್‌ನಿಂದ (ಗಾಳಿ ಕಿಂಡಿ) ಗಾಳಿ ಬರುತ್ತಿದ್ದರೆ ಒಳಗಿನ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಬದಲಿಸಬೇಕು.